ಬಾತುಕೋಳಿಯ ಎರಡು ಡಿಗ್ರಿ

ನನ್ನ ಕೈಚೀಲದಲ್ಲಿ ಒಂದು ಹಳದಿ ಬಾತುಕೋಳಿ ಇದೆ. ಪ್ಲಾಸ್ಟಿಕ್ಕಿನದು, ಅಂಗೈಯಷ್ಟು ದೊಡ್ಡದು, ಬೆನ್ನ ಮೇಲೆ ಪುಟ್ಟದೊಂದು ಪರದೆ. ನೀರಿನಲ್ಲಿ ಬಿಟ್ಟರೆ ತೇಲುತ್ತ, ಆ ನೀರು ಎಷ್ಟು ಬಿಸಿ ಎಂದು ಬೆನ್ನಿನ ಮೇಲೆ ಅಂಕಿ ಮೂಡಿಸುತ್ತದೆ. ಕಳೆದ ಭಾನುವಾರ ಕೂಕಟ್‌ಪಲ್ಲಿಯ ಮೆಟ್ರೋ ಸ್ಟೇಷನ್ನಿನಲ್ಲಿ ಚೀಲಗಳನ್ನು ಪರೀಕ್ಷಿಸುವ ಹೆಣ್ಣುಮಗಳು ನನ್ನನ್ನು ನಿಲ್ಲಿಸಿ, ಚೀಲದೊಳಗೆ ಕೈ ಹಾಕಿ, ಕತ್ತು ಹಿಡಿದು ಅದನ್ನು ಹೊರಗೆಳೆದಳು. ನನ್ನ ನರೆತ ಕೂದಲನ್ನೊಮ್ಮೆ ನೋಡಿದಳು, ಬಾತುಕೋಳಿಯನ್ನೊಮ್ಮೆ ನೋಡಿದಳು. ಮೊಮ್ಮಗಳದ್ದಾ ಎಂದು ತೆಲುಗಿನಲ್ಲಿ ಕೇಳಿದಳು. ಹೌದಮ್ಮ ಎಂದೆ. ನಕ್ಕು ಬಿಟ್ಟುಕೊಟ್ಟಳು. ಗಾಡಿಯಲ್ಲಿ ಕೂತ ಮೇಲೆ, ಯಾಕೆ ಇನ್ನೂ ಇದನ್ನು ಹೊತ್ತು ತಿರುಗುತ್ತಿದ್ದೇನೆ ಎಂದು ಯೋಚಿಸಿದೆ. ಮೊಮ್ಮಗಳು ದಿಲ್‌ಸುಖ್‌ನಗರದ ತನ್ನ ಮನೆಗೆ ಹೋಗಿ ತಿಂಗಳುಗಳಾದವು. ಅವಳ ತಾಯಿ, ಅಂದರೆ ನನ್ನ ಮಗಳು, ಇದನ್ನು ಬೇಡವೆಂದು ನಮ್ಮಲ್ಲೇ ಬಿಟ್ಟು ಹೋದಳು. ನನಗೆ ಮಾತ್ರ ಎಸೆಯಲು ಮನಸ್ಸಾಗಲಿಲ್ಲ. ನನ್ನ ಹೊಟ್ಟೆಪಾಡೇ ಅಳೆಯುವುದು. ಅಳೆಯುವ ವಸ್ತು ಎಷ್ಟೇ ಸುಳ್ಳು ಹೇಳಲಿ, ಅದನ್ನು ಕಸಕ್ಕೆ ಹಾಕಲು ನನಗೆ ಕೈ ಬರುವುದಿಲ್ಲ.

ಅಳೆಯುವುದು ಅಂದೆನಲ್ಲ, ಏನನ್ನು ಎಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ನನ್ನನ್ನು ಬಟ್ಟೆ ಅಂಗಡಿಯವಳು ಅಂದುಕೊಂಡೀರಿ. ಔಷಧಿ ತಯಾರಿಸುವ ಒಂದು ಕಂಪನಿಯ ಪ್ರಯೋಗಾಲಯದಲ್ಲಿ ನನ್ನ ಕೆಲಸ. ಊರ ಹೊರಗೆ, ಕಂಪನಿಯ ಬಸ್ಸು ಹತ್ತಿ ಹೋಗಬೇಕು. ಔಷಧಿ ಮಾಡುವವರು ಬೇರೆ. ಅದು ಆಗುವಾಗ ಎಷ್ಟು ಬಿಸಿ ಹುಟ್ಟುತ್ತದೆ, ಎಷ್ಟು ಬೇಗ ಹುಟ್ಟುತ್ತದೆ ಎಂದು ನೋಡುವುದು ನಾನು. ಎರಡು ರಾಸಾಯನಿಕಗಳು ಕೂಡಿದರೆ ಬಿಸಿಯಾಗುವುದುಂಟು. ಸಣ್ಣ ಗಾಜಿನ ಜಾಡಿಯಲ್ಲಿ ಮಾಡಿದರೆ ಆ ಬಿಸಿ ಗಾಜು ದಾಟಿ ಹೊರಗೆ ಹೋಗಿಬಿಡುತ್ತದೆ, ಯಾರಿಗೂ ಸುಳಿವು ಹತ್ತುವುದಿಲ್ಲ. ಅದನ್ನೇ ಕಾರ್ಖಾನೆಯ ದೊಡ್ಡ ಪಾತ್ರೆಯಲ್ಲಿ ಮಾಡಿದಾಗ ಬಿಸಿಗೆ ಹೊರಹೋಗಲು ದಾರಿ ಸಾಲದೆ ಒಳಗೇ ಏರುತ್ತದೆ. ಬಿಸಿಯಾದಷ್ಟೂ ಕ್ರಿಯೆ ಚುರುಕು, ಚುರುಕಾದಷ್ಟೂ ಇನ್ನಷ್ಟು ಬಿಸಿ. ಆಮೇಲೆ ಅದು ಯಾರ ಮಾತೂ ಕೇಳುವುದಿಲ್ಲ. ಆ ಪಾತ್ರೆಯ ಪಕ್ಕದಲ್ಲಿ ಮನುಷ್ಯರು ನಿಂತಿರುತ್ತಾರೆ, ಅವರಿಗೆ ಮನೆಯಲ್ಲಿ ಹೆಂಡತಿ ಮಕ್ಕಳಿರುತ್ತಾರೆ. ಅದಕ್ಕೇ ದೊಡ್ಡ ಪಾತ್ರೆಗೆ ಹೋಗುವ ಮೊದಲು ಎಲ್ಲವೂ ನನ್ನ ಮೇಜಿನ ಮೇಲಿನ ಜಾಡಿ ಹಾಯ್ದು ಹೋಗಬೇಕು.

ಆ ಜಾಡಿಗೆ ಕ್ಯಾಲೊರಿಮೀಟರ್ ಎಂದು ಹೆಸರು. ದೊಡ್ಡ ಹೆಸರು, ಕೆಲಸ ಸರಳ. ಜಾಡಿಯ ಸುತ್ತ ಇನ್ನೊಂದು ಗಾಜಿನ ಗೋಡೆ, ನಡುವೆ ಎಣ್ಣೆ ಹರಿಯುತ್ತಿರುತ್ತದೆ. ಒಳಗೆ ಬಿಸಿ ಹುಟ್ಟಿದಾಗ ಯಂತ್ರ ಆ ಎಣ್ಣೆಯನ್ನು ತಂಪು ಮಾಡಿ ಒಳಗಿನದನ್ನು ಇದ್ದಲ್ಲೇ ಇರಿಸುತ್ತದೆ. ಎಣ್ಣೆ ಎಷ್ಟು ತಂಪಾಗಬೇಕಾಯಿತು ಎನ್ನುವುದರಿಂದ ಒಳಗೆ ಎಷ್ಟು ಬಿಸಿ ಹುಟ್ಟಿತು ಎಂದು ಲೆಕ್ಕ ಹಾಕುತ್ತೇವೆ. ಆದರೆ ಅದಕ್ಕೂ ಮೊದಲು ಒಂದು ಪ್ರಶ್ನೆ ಇದೆ. ಈ ಗೋಡೆ ಬಿಸಿಯನ್ನು ಎಷ್ಟು ಬಿಟ್ಟುಕೊಡುತ್ತದೆ? ಅದು ಗೊತ್ತಿಲ್ಲದೆ ಒಳಗಿನ ಸುದ್ದಿ ಹೇಳುವುದು ಹೇಗೆ? ಹಾಗಾಗಿ ಒಳಗೆ ಒಂದು ಸಣ್ಣ ಹೀಟರ್ ಇಳಿಬಿಟ್ಟು, ನಮಗೆ ಗೊತ್ತಿರುವಷ್ಟೇ ಬಿಸಿ ಕೊಟ್ಟು, ಗೋಡೆಯ ಆಚೆ ಎಷ್ಟು ಕಂಡಿತು ಎಂದು ನೋಡುತ್ತೇವೆ. ಇದನ್ನೇ ಕ್ಯಾಲಿಬ್ರೇಷನ್ ಎನ್ನುವುದು. ಪಠ್ಯಪುಸ್ತಕದ ಕನ್ನಡದಲ್ಲಿ ಇದಕ್ಕೆ ಮಾಪನಾಂಕ ನಿರ್ಣಯ ಎಂಬ ಹೆಸರಿದೆ. ಅದನ್ನು ಹೇಳಿ ಮುಗಿಸುವಷ್ಟರಲ್ಲಿ ನಮ್ಮ ಬಸ್ಸು ಹೊರಟುಹೋಗುತ್ತದೆ. ನಾನು ತಾಳೆ ನೋಡುವುದು ಎನ್ನುತ್ತೇನೆ.

ಕ್ರಿಯೆ ಶುರುವಾಗುವ ಮೊದಲು ಒಮ್ಮೆ ತಾಳೆ ನೋಡಬೇಕು, ಮುಗಿದ ಮೇಲೆ ಇನ್ನೊಮ್ಮೆ. ಯಾಕೆಂದರೆ ಅಷ್ಟರಲ್ಲಿ ಒಳಗಿನ ದ್ರವ ಅಂಬಲಿಯಂತೆ ಗಟ್ಟಿಯಾಗಿರುತ್ತದೆ, ಗಾಜಿಗೆ ಅಂಟಿಕೊಂಡಿರುತ್ತದೆ, ಮಟ್ಟ ಏರಿರುತ್ತದೆ. ಬೆಳಿಗ್ಗೆ ಇದ್ದ ಜಾಡಿ ಮಧ್ಯಾಹ್ನ ಅದೇ ಜಾಡಿಯಲ್ಲ. ಹೊಸದಾಗಿ ಸೇರಿದವರು ಈ ಎರಡನೆಯದನ್ನು ಹಾರಿಸಲು ನೋಡುತ್ತಾರೆ. ಹಸಿವಾಗಿರುತ್ತದೆ, ಪಾಪ. ನಾನು ಬಿಡುವುದಿಲ್ಲ. ನನ್ನ ಬೆನ್ನ ಹಿಂದೆ ನನ್ನನ್ನು ಮೊಂಡಿ ಎನ್ನುತ್ತಾರೆ, ನನ್ನ ಎದುರಿಗೆ ಮೇಡಂ ಎನ್ನುತ್ತಾರೆ. ಎರಡೂ ನನಗೆ ಸಮ್ಮತ.

ನನ್ನ ಅವ್ವನಿಗೆ ಇದೆಲ್ಲ ಒಮ್ಮೆ ವಿವರಿಸಿದ್ದೆ. ಅವಳು ಪೂರ್ತಿ ಕೇಳಿಸಿಕೊಂಡು, ಅಂದರೆ ಕೈ ಹಾಕಿ ನೋಡುವುದನ್ನು ನೀವು ಮಷಿನ್ ಹಾಕಿ ನೋಡುತ್ತೀರಿ, ಅಷ್ಟೇ ತಾನೇ ಎಂದಳು. ನನಗೆ ಸಿಟ್ಟು ಬಂದಿತ್ತು. ಎಂ.ಎಸ್ಸಿ. ಮಾಡಿ, ಇಷ್ಟು ವರ್ಷ ಎಣ್ಣೆ ವಾಸನೆ ಕುಡಿದು, ಕೊನೆಗೆ ಕೈ ಹಾಕಿ ನೋಡುವ ಲೆಕ್ಕಕ್ಕೆ ಬಂತಲ್ಲ ಎಂದು. ಆದರೆ ನಿಜ ಹೇಳಬೇಕೆಂದರೆ, ತಾಳೆ ನೋಡುವುದನ್ನು ನಾನು ಮೊದಲು ಕಂಡದ್ದು ಅವ್ವನ ಹತ್ತಿರವೇ. ಚಿಕ್ಕಂದಿನಲ್ಲಿ ನಮಗೆ ಜ್ವರ ಬಂದರೆ ಅವಳು ನೇರವಾಗಿ ನಮ್ಮನ್ನು ಮುಟ್ಟುತ್ತಿರಲಿಲ್ಲ. ಮೊದಲು ತನ್ನ ಕುತ್ತಿಗೆ ಮುಟ್ಟಿಕೊಳ್ಳುತ್ತಿದ್ದಳು, ಆಮೇಲೆ ನಮ್ಮ ಕುತ್ತಿಗೆ. ಪಾತ್ರೆ ತೊಳೆದ ಕೈ ತಣ್ಣಗಿರುತ್ತದೆ, ಒಲೆಯ ಮುಂದಿನ ಕೈ ಬೆಚ್ಚಗಿರುತ್ತದೆ, ಅದರ ಮಾತು ಕೇಳಿದರೆ ಗಟ್ಟಿಮುಟ್ಟಾದ ಮಕ್ಕಳೂ ಜ್ವರದವರಾಗುತ್ತಾರೆ. ಶಾಲೆ ತಪ್ಪಿಸಲೆಂದು ನಾನು ಹಣೆಯನ್ನು ಬಿಸಿಲಿಗೆ ಒಡ್ಡಿಕೊಂಡು ಬಂದು ಮಲಗಿದಾಗಲೂ ಅವಳು ಹಣೆಗೆ ಕೈ ಹಾಕದೆ ಕುತ್ತಿಗೆಗೇ ಹಾಕಿದಳು. ಅವತ್ತು ಶಾಲೆಗೆ ಹೋದೆ, ಲೆಕ್ಕದ ಪರೀಕ್ಷೆಯನ್ನೂ ಬರೆದೆ.

ನಮ್ಮದು ಮೂಲ ರಾಯಚೂರು ಕಡೆ. ಅಪ್ಪ, ಅವ್ವ ಇಬ್ಬರೂ ಹೈದರಾಬಾದಿನಲ್ಲಿ ಸರ್ಕಾರಿ ನೌಕರಿಯಲ್ಲಿದ್ದರು. ಅವ್ವ ಟೈಪಿಸ್ಟ್. ಅವಳ ಬೆರಳುಗಳು ಕೀಲಿಗಳ ಮೇಲೆ ಓಡುವಾಗ ಅವಳು ಪಕ್ಕದವಳ ಜೊತೆ ಮಾತಾಡುತ್ತಿರುತ್ತಿದ್ದಳು, ಎರಡರಲ್ಲೂ ತಪ್ಪಾಗುತ್ತಿರಲಿಲ್ಲ. ಆದರೆ ನಾವಿದ್ದ ಕ್ವಾರ್ಟರ್ಸಿನಲ್ಲಿ ಅವಳ ಬೆರಳಿಗೆ ಹೆಸರು ಬಂದದ್ದು ಟೈಪಿಂಗಿನಿಂದಲ್ಲ, ಕೂಸುಗಳಿಗೆ ಎರೆಯುವುದರಿಂದ. ನಮ್ಮ ಕಡೆ ಕೂಸಿನ ಸ್ನಾನಕ್ಕೆ ಎರೆಯುವುದು ಎನ್ನುತ್ತೇವೆ. ಅವ್ವ ಸಣ್ಣ ಮಣೆಯ ಮೇಲೆ ಕೂತು, ಸೀರೆ ಮೊಣಕಾಲ ಮೇಲಕ್ಕೆ ಎತ್ತಿಕಟ್ಟಿ, ಎರಡೂ ಕಾಲು ಮುಂದೆ ಚಾಚುತ್ತಿದ್ದಳು. ಆ ಕಾಲುಗಳ ನಡುವಿನ ತಗ್ಗಿನಲ್ಲಿ ಕೂಸು. ಎಣ್ಣೆ ತಿಕ್ಕಿ, ಕಡಲೆಹಿಟ್ಟು ಹಚ್ಚಿ, ಮೂಗು ತೀಡಿ, ಕೈಕಾಲು ಮಡಚಿ ಬಿಡಿಸಿ, ತಂಬಿಗೆಯಿಂದ ಬಿಸಿನೀರು ಸುರಿಯುವುದು. ಮುಗಿದ ಮೇಲೆ ಲೋಬಾನದ ಹೊಗೆ. ಅದಾದ ಮೇಲೆ ಕೂಸು ಮಲಗಿದರೆ ಮಧ್ಯಾಹ್ನದವರೆಗೆ ಮಿಸುಕುತ್ತಿರಲಿಲ್ಲ.

ಕನ್ನಡದವರ ಮನೆ, ತೆಲುಗಿನವರ ಮನೆ, ಉರ್ದು ಮಾತಾಡುವವರ ಮನೆ, ಯಾರ ಮನೆಯಲ್ಲಿ ಹೆರಿಗೆಯಾದರೂ ಆಫೀಸಿಗೆ ಹೋಗುವ ಮೊದಲು ಅವ್ವನಿಗೆ ಬುಲಾವು ಬರುತ್ತಿತ್ತು. ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದಳು, ತಂಬಿಗೆ ಎತ್ತಿಕೊಡಲು. ನೀರು ಹದ ಮಾಡುವುದನ್ನು ಮಾತ್ರ ಯಾರಿಗೂ ಬಿಡುತ್ತಿರಲಿಲ್ಲ. ಬಕೆಟ್ಟಿನಲ್ಲಿ ಬೆರಳಾಡಿಸಿ, ಒಂದು ಕ್ಷಣ ಸುಮ್ಮನಿದ್ದು, ಹೂಂ ಎನ್ನುತ್ತಿದ್ದಳು. ಆ ಹೂಂ ಕೇಳಿದ ಮೇಲೆ ತಾಯಿ ನಿಶ್ಚಿಂತೆಯಿಂದ ಕೂಸನ್ನು ಕೊಡುತ್ತಿದ್ದಳು. ನನಗೆ ಎರೆದವಳೂ ಅವ್ವನೇ, ನನ್ನ ಮಗಳು ವಿದ್ಯಾಳಿಗೆ ಎರೆದವಳೂ ಅವ್ವನೇ.

ಈಗ ಅವ್ವ ನಮ್ಮ ಜೊತೆ ಕೂಕಟ್‌ಪಲ್ಲಿಯ ಫ್ಲ್ಯಾಟಿನಲ್ಲಿದ್ದಾಳೆ. ವಿದ್ಯಾ ಬಾಣಂತನಕ್ಕೆ ಬರುತ್ತಾಳೆ ಎಂದು ಗೊತ್ತಾದ ದಿನದಿಂದ ಅವ್ವ ಹತ್ತು ವರ್ಷ ಚಿಕ್ಕವಳಾದಳು. ನನ್ನ ಯಜಮಾನರನ್ನು ಬೇಗಂ ಬಜಾರಿಗೆ ಅಟ್ಟಿ, ಬಾಣಂತಿಯ ಉಂಡೆಗೆಂದು ಅಂಟು, ಖಾರೀಕು, ಒಣಶುಂಠಿ, ಅಳವಿ ತರಿಸಿದಳು. ಅವರು ತಂದ ಅಂಟನ್ನು ಬೆಳಕಿಗೆ ಹಿಡಿದು ನೋಡಿ, ಇದು ಕಾಗದ ಹಚ್ಚುವ ಅಂಟು ಎಂದು ವಾಪಸು ಕಳಿಸಿದಳು. ಎರಡನೆಯ ಸಲ ಅವರು ಒಂದು ಹಿತ್ತಾಳೆ ತಂಬಿಗೆಯನ್ನೂ ಹಿಡಿದು ಬಂದರು, ಕಾಣಿಕೆ ಕೊಟ್ಟು ಪಾರಾಗಲು. ಅವ್ವ ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಬಚ್ಚಲುಮನೆಯಲ್ಲಿ ಬೋರಲು ಹಾಕಿ ಇಟ್ಟಳು. ಮೊಮ್ಮಗಳ ಕೂಸಿಗೂ ಎರೆಯಬೇಕೆಂಬುದು ಅವಳ ಆಸೆ. ಅದಾದ ಮೇಲೆ ಏನಾದರೂ ಆಗಲಿ ಎನ್ನುತ್ತಿದ್ದಳು.

ವಿದ್ಯಾ ದಿಲ್‌ಸುಖ್‌ನಗರದ ಕೋಚಿಂಗ್ ಸೆಂಟರೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತಾಳೆ. ನಮ್ಮ ಅಳಿಯ ತೆಲುಗಿನವರು, ಒಳ್ಳೆಯ ಮನುಷ್ಯ, ಎಲ್ಲದಕ್ಕೂ ಸರೇ ಎನ್ನುತ್ತಾರೆ. ವಿದ್ಯಾ ಹಾಗಲ್ಲ. ಹುಟ್ಟಿದ ಕೂಸಿನ ಚರ್ಮ ಎಷ್ಟು ತೆಳು, ಎಷ್ಟು ಬೇಗ ಸುಡುತ್ತದೆ ಎಂದು ಓದಿ ಓದಿ ಹೆದರಿದ್ದಳು. ಹೆಣ್ಣು ಕೂಸು ಹುಟ್ಟಿ ಮನೆಗೆ ಬಂತು. ಹೊಕ್ಕುಳಬಳ್ಳಿ ಒಣಗಿ ಬೀಳುವತನಕ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು, ಬಿದ್ದ ಮೇಲೆ ಎರೆಯಿರಿ ಎಂದು ಡಾಕ್ಟರು ಹೇಳಿದ್ದರು. ಅವ್ವ ಅದಕ್ಕೆ ಒಪ್ಪಿ ಕಾಯುತ್ತ ಕೂತಳು. ಅಷ್ಟರಲ್ಲಿ ಬಾಗಿಲಿಗೆ ಪಾರ್ಸೆಲ್ ಬಂತು. ಅದರಲ್ಲಿತ್ತು ಈ ಬಾತುಕೋಳಿ.

ಅವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಕೂಸು ಆಡಲಿಕ್ಕೆ ಇನ್ನೂ ಹೊತ್ತಿದೆಯಲ್ಲ ಎಂದಳು. ಇದು ಆಟದ ಸಾಮಾನಲ್ಲ ಆಯಿ, ನೀರಿನ ಬಿಸಿ ನೋಡಲಿಕ್ಕೆ ಎಂದಳು ವಿದ್ಯಾ. ನಮ್ಮ ಮನೆಯಲ್ಲಿ ತಾಯಿಯ ತಾಯಿಗೆ ಆಯಿ ಎನ್ನುತ್ತೇವೆ. ಅವ್ವ ಬಾತುಕೋಳಿಯನ್ನು ಟಿ.ವಿ. ಮೇಲಿಟ್ಟು ಒಳಗೆ ಹೋದಳು. ಪಾತ್ರೆಗಳ ಸದ್ದು ಸ್ವಲ್ಪ ಜೋರಾಯಿತು.

ನಾನು ಇಬ್ಬರ ನಡುವೆ ಸಿಕ್ಕಿಕೊಂಡವಳು. ಏನು ಮಾಡಬೇಕೆಂದು ತಿಳಿಯದಿದ್ದಾಗ ನಾನು ಮಾಡುವುದು ಒಂದೇ: ಅಳೆಯುವುದು. ಬಾತುಕೋಳಿಯನ್ನು ಚೀಲಕ್ಕೆ ಹಾಕಿ ಪ್ರಯೋಗಾಲಯಕ್ಕೆ ಒಯ್ದೆ. ನನ್ನ ಜೊತೆ ಕೆಲಸ ಮಾಡುವ ರಫೀಕ್ ನೀರಿನ ತೊಟ್ಟಿ ಸಿದ್ಧ ಮಾಡಿಕೊಟ್ಟ. ಬತಖ್‌ಗೂ ಕ್ಯಾಲಿಬ್ರೇಷನ್ನಾ ಮೇಡಂ ಎಂದು ಕೇಳಿದನೇ ಹೊರತು ನಗಲಿಲ್ಲ. ಅವನಿಗೂ ಇಬ್ಬರು ಮಕ್ಕಳು. ನಮ್ಮ ಒಳ್ಳೆಯ ಥರ್ಮಾಮೀಟರಿನ ಪಕ್ಕದಲ್ಲಿ ಅದು ಗಂಭೀರವಾಗಿ ತೇಲಿತು. ಎರಡು ಡಿಗ್ರಿ ಕಡಿಮೆ ತೋರಿಸುತ್ತಿತ್ತು, ನೀರು ಎಷ್ಟೇ ಬಿಸಿ ಇರಲಿ, ಸರಿಯಾಗಿ ಎರಡೇ. ನಮ್ಮ ಕೆಲಸದಲ್ಲಿ ಇಂಥ ತಪ್ಪು ತಪ್ಪೇ ಅಲ್ಲ. ಒಂದೇ ಸಮನೆ ಸುಳ್ಳು ಹೇಳುವವರನ್ನು ನಂಬಬಹುದು, ಒಮ್ಮೊಮ್ಮೆ ಹೇಳುವವರನ್ನು ನಂಬಲಾಗದು. ರಫೀಕ್ ಒಂದು ಚೀಟಿ ಬರೆದು ಅದರ ಬಾಲಕ್ಕೆ ಅಂಟಿಸಲು ಬಂದ, ನಮ್ಮಲ್ಲಿ ಎಲ್ಲ ಉಪಕರಣಕ್ಕೂ ಹಾಗೆ ಅಂಟಿಸುವುದು ರೂಢಿ. ಬೇಡಪ್ಪ, ಮನೆಯಲ್ಲಿ ನಾನೇ ಇರುತ್ತೇನಲ್ಲ, ನನಗೆ ನೆನಪಿರುತ್ತದೆ ಎಂದೆ.

ಆ ವಾರವೇ ಒಂದು ಬೆಳಿಗ್ಗೆ ಅವ್ವ ತಟ್ಟೆಗೆ ರೊಟ್ಟಿ ಹಾಕುವಾಗ ಅವಳ ಬೆರಳ ತುದಿಯಲ್ಲಿ ನೀರುಗುಳ್ಳೆ ಕಂಡೆ. ಒಂದಲ್ಲ, ಮೂರು ಬೆರಳಿಗೆ. ಯಾವಾಗ ಸುಟ್ಟುಕೊಂಡೆ ಎಂದು ಕೇಳಿದೆ. ಅವ್ವ ತನ್ನ ಕೈಯನ್ನು ಯಾರದೋ ಕೈ ನೋಡುವಂತೆ ನೋಡಿ, ಗೊತ್ತಿಲ್ಲ ಎಂದಳು. ಅವಳಿಗೆ ಸಕ್ಕರೆ ಕಾಯಿಲೆ ಬಂದು ಬಹಳ ವರ್ಷವಾಗಿತ್ತು. ಪಾದ ಜೋಮು ಹಿಡಿದಂತೆ ಇರುತ್ತದೆ ಎಂದು ಆಗಾಗ ಹೇಳುತ್ತಿದ್ದಳು, ಕೈಯ ಮಾತು ಎಂದೂ ಎತ್ತಿರಲಿಲ್ಲ. ಸುಡುವ ಹೆಂಚಿಗೆ ತಾಗಿದರೂ ಸುದ್ದಿ ಬರದ ಬೆರಳಿನಿಂದ ಅವಳು ಕೂಸಿನ ನೀರು ಹದ ಮಾಡಲು ಹೊರಟಿದ್ದಳು. ಹೊಕ್ಕುಳಬಳ್ಳಿ ಇವತ್ತೋ ನಾಳೆಯೋ ಬೀಳುವಂತಿತ್ತು.

ಹೇಳದೆ ಬಿಡುವಂತಿರಲಿಲ್ಲ, ಸುಮ್ಮನೆ ಹೇಳಿದರೆ ಅವಳು ನಂಬುವಂತಿರಲಿಲ್ಲ. ನನಗೆ ಗೊತ್ತಿದ್ದದ್ದು ಒಂದೇ ದಾರಿ. ಬಾಲ್ಕನಿಯಲ್ಲಿ ಬೋಗುಣಿಗಳಲ್ಲಿ ಬೇರೆಬೇರೆ ಹದದ ನೀರಿಟ್ಟು, ಇದರಲ್ಲಿ ಕೂಸಿಗೆ ಯಾವುದು ಸರಿ, ಹೇಳವ್ವ ಎಂದೆ. ಅವ್ವ ನಗುತ್ತಲೇ ಕೂತಳು. ಒಂದೊಂದರಲ್ಲೂ ಬೆರಳಾಡಿಸಿದಳು, ಎಂದಿನಂತೆ ಕ್ಷಣ ಸುಮ್ಮನಿದ್ದಳು. ಕೊನೆಯದರಲ್ಲಿ ಕೈಯಿಟ್ಟು ಹೂಂ ಎಂದಳು. ಅದೇ ಹೂಂ, ಒಂದಿಷ್ಟೂ ಬದಲಾಗಿರಲಿಲ್ಲ. ನಾನು ಆ ಬೋಗುಣಿಯಲ್ಲಿ ಬೆರಳಿಟ್ಟು ಹಾಗೇ ಹಿಂದಕ್ಕೆಳೆದುಕೊಂಡೆ.

"ಅದು ಭಾಳ ಬಿಸಿ ಐತವ್ವ," ಎಂದೆ.

ಅವ್ವ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಒಂದೊಂದು ಬೆರಳನ್ನೂ ಬೇರೆಬೇರೆಯಾಗಿ ಒರೆಸಿದಳು. ಆಮೇಲೆ, "ಯಾವಾಗ ಹೋತು ಇದು? ನನಗ ಒಂದು ಮಾತು ಹೇಳದ ಹೋತು ನೋಡು," ಎಂದಳು.

ಆ ಹೊತ್ತಿಗೆ ನನಗೆ ನನ್ನ ಕೆಲಸ, ನನ್ನ ಬೋಗುಣಿಗಳು, ನನ್ನ ತಾಳೆ ಎಲ್ಲದರ ಮೇಲೂ ಹೇಸಿಕೆ ಬಂತು. ಕಾರ್ಖಾನೆಯವರಿಗೆ ನಿಮ್ಮ ಲೆಕ್ಕ ತಪ್ಪು ಎಂದು ಮುಖಕ್ಕೆ ಹೇಳಿ ಬಂದವಳು ನಾನು, ಒಂದು ದಿನವೂ ನಾಲಿಗೆ ತಡವರಿಸಿರಲಿಲ್ಲ. ಇಲ್ಲಿ ಅವ್ವನ ಮುಖ ನೋಡದೆ ಬೋಗುಣಿಗಳನ್ನು ಒಂದೊಂದಾಗಿ ಎತ್ತಿ ನೀರು ಚೆಲ್ಲಿದೆ.

ಮರುದಿನ ಹೊಕ್ಕುಳಬಳ್ಳಿ ಬಿತ್ತು. ಅವ್ವ ವಿದ್ಯಾಳನ್ನು ಕರೆದು, ನೀನೇ ಎರೆದುಕೋ, ಹೇಗೂ ಆ ಹಕ್ಕಿ ಇದೆಯಲ್ಲ ಎಂದು ಸಮಾಧಾನವಾಗಿಯೇ ಹೇಳಿ, ಬಚ್ಚಲಿನಲ್ಲಿದ್ದ ಹಿತ್ತಾಳೆ ತಂಬಿಗೆ ತಂದು ಕೊಟ್ಟಳು. ವಿದ್ಯಾಳ ಮುಖ ಮೊದಲು ಹಗುರಾಯಿತು, ಹಿಂದೆಯೇ ಸಪ್ಪಗಾಯಿತು. ಅವಳು ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, ಆಯಿಗೆ ನೋವಾದರೆ ನನಗೆ ಸಂಕಟವಮ್ಮಾ, ಆದರೆ ಅದಕ್ಕಾಗಿ ಕೂಸನ್ನು ಸುಡಲಿಕ್ಕೆ ಆಗುತ್ತದಾ ಎಂದು ಅತ್ತಳು. ಅವಳ ಮಾತಿನಲ್ಲಿ ಏನು ತಪ್ಪು ಹೇಳಿ? ಅವ್ವನ ಮಾತಿನಲ್ಲೂ ತಪ್ಪಿರಲಿಲ್ಲ. ತಪ್ಪೇ ಇಲ್ಲದ ಇಬ್ಬರ ನಡುವೆ ನಿಲ್ಲುವುದರಷ್ಟು ಕಷ್ಟ ಬೇರೆ ಇಲ್ಲ. ಅವತ್ತೂ ಕೂಸನ್ನು ಒದ್ದೆ ಬಟ್ಟೆಯಲ್ಲೇ ಒರೆಸಿದೆವು. ಅವ್ವ ಬಾಲ್ಕನಿಯಲ್ಲಿ ಕೂತು ಕೆಳಗೆ ಹೋಗುವ ಗಾಡಿಗಳನ್ನು ನೋಡುತ್ತಿದ್ದಳು.

ಪ್ರಯೋಗಾಲಯದಲ್ಲಿ ಎರಡನೆಯ ತಾಳೆ ಮುಗಿಯುವತನಕ ಮಾಡಲು ಏನೂ ಕೆಲಸವಿರುವುದಿಲ್ಲ. ಪರದೆಯ ಮೇಲೆ ಗೆರೆ ಮಟ್ಟಸವಾಗುವುದನ್ನು ಕಾಯಬೇಕು. ಆ ಮಧ್ಯಾಹ್ನ ಹಾಗೆ ಕಾಯುವಾಗ ನನಗೆ ನನ್ನದೇ ಮಾತು ನೆನಪಾಯಿತು. ಹೊಸಬರಿಗೆ ನಾನು ಹೇಳುವುದುಂಟು: ಜಾಡಿ ಬದಲಾಗಿದೆ ಎಂದು ಜಾಡಿಯನ್ನು ಯಾರೂ ಎಸೆಯುವುದಿಲ್ಲ, ಈಗ ಎಷ್ಟಾಗಿದೆ ಎಂದು ಕೇಳಿಕೊಂಡು ಮುಂದುವರಿಯುತ್ತಾರೆ. ಅವ್ವನ ಬೆರಳು ಹೋಗಿತ್ತು. ಕೂಸನ್ನು ಕಾಲ ಮೇಲೆ ಹಿಡಿಯುವುದು ಹೋಗಿತ್ತೇ? ಎಣ್ಣೆ ತಿಕ್ಕುವುದು, ಮೂಗು ತೀಡುವುದು, ಕಿವಿಗೆ ನೀರು ಹೋಗದಂತೆ ತಲೆ ವಾಲಿಸುವುದು ಹೋಗಿತ್ತೇ? ನಾವು ಒಂದು ಅಂಕಿ ತಪ್ಪಿತೆಂದು ಮನುಷ್ಯಳನ್ನೇ ಬಾಲ್ಕನಿಯಲ್ಲಿ ಕೂರಿಸಿಬಿಟ್ಟಿದ್ದೆವು.

ಸಂಜೆ ಮನೆಗೆ ಬಂದವಳೇ ಅವ್ವನಿಗೆ ಮೊಣಕೈಯಿಂದ ನೀರು ನೋಡಲು ಹೇಳಿದೆ, ಅಲ್ಲಿ ಚುರುಕು ಇನ್ನೂ ಇರಬಹುದು ಎಂದು ಅವಳ ಸಕ್ಕರೆ ಕಾಯಿಲೆಯ ಡಾಕ್ಟರು ಫೋನಿನಲ್ಲಿ ಹೇಳಿದ್ದರು. ಅದು ಕೆಲಸಕ್ಕೆ ಬರಲಿಲ್ಲ. ಮೊಣಕೈಗೆ ಅಭ್ಯಾಸವಿಲ್ಲ, ಬೆಚ್ಚಗಿನ ನೀರನ್ನೂ ಅದು ಕುದಿಯುವ ನೀರು ಎನ್ನುತ್ತಿತ್ತು. ಅವ್ವ ಬೇಸತ್ತು, ಬಿಡು, ನನ್ನನ್ನು ಇನ್ನೂ ಎಷ್ಟು ಕಡೆ ಪರೀಕ್ಷೆ ಮಾಡುತ್ತಿ ಎಂದಳು. ಆಗ ನಾನು ನಿರ್ಧಾರ ಹೇಳಿದೆ. ನೀರು ನನ್ನ ಜವಾಬ್ದಾರಿ, ಕೂಸು ಅವ್ವನ ಜವಾಬ್ದಾರಿ. ವಿದ್ಯಾ ಅನುಮಾನದಿಂದ ನೋಡಿದಳು. ನಾನು ಎದೆಯುಬ್ಬಿಸಿ, ಬಿಸಿ ಅಳೆಯುವುದೇ ನನ್ನ ಉದ್ಯೋಗ, ಕಾರ್ಖಾನೆಗೆ ಕಾರ್ಖಾನೆಯೇ ನನ್ನ ಮಾತು ನಂಬುತ್ತದೆ, ನೀನು ಒಂದು ಬಕೆಟ್ ನೀರಿಗೆ ನಂಬುವುದಿಲ್ಲವಾ ಎಂದೆ. ಅವಳು ಒಪ್ಪಿದಳು. ನಾನೂ ನನ್ನ ಮಾತಿಗೆ ಒಪ್ಪಿದೆ, ಅದೇ ಎಡವಟ್ಟಾಯಿತು.

ಮರುದಿನಕ್ಕೆ ರಜೆ ಹಾಕಿದೆ. ಬೆಳಿಗ್ಗೆ ಬಿಸಿಲು ಬಚ್ಚಲುಮನೆಯ ಕಿಟಕಿಗೆ ಬಂದಿತ್ತು. ಅವ್ವ ಮಣೆಯ ಮೇಲೆ ಕೂತು ಸೀರೆ ಎತ್ತಿಕಟ್ಟಿದಳು, ಕಾಲನ್ನು ಮಾತ್ರ ಇನ್ನೂ ಚಾಚಿರಲಿಲ್ಲ. ವಿದ್ಯಾ ಕೂಸನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತಳು. ನಾನು ಗೀಸರಿನ ನೀರು ಬಿಟ್ಟು, ತಣ್ಣೀರು ಬೆರೆಸಿ, ಬಾತುಕೋಳಿಯನ್ನು ಬಕೆಟ್ಟಿಗೆ ಬಿಟ್ಟೆ. ಬೇಕಾದದ್ದು ಮೂವತ್ತೆಂಟು ಡಿಗ್ರಿ. ಬಾತುಕೋಳಿಯದು ಎರಡರ ತಪ್ಪು. ಹಾಗಾದರೆ ಅದು ನಲವತ್ತು ತೋರಿಸಿದಾಗ ಸರಿ ಎಂದು ನನ್ನ ತಲೆ ಹೇಳಿತು. ನಲವತ್ತು ಬಂದಾಗ ನಿಲ್ಲಿಸಿದೆ. ಬಾಗಿಲಿನಿಂದ ಬಗ್ಗಿ ನೋಡಿದ ವಿದ್ಯಾ, ನಲವತ್ತು ಜಾಸ್ತಿ ಅಲ್ಲವಾ ಅಮ್ಮಾ ಎಂದಳು. ಅದು ತಪ್ಪು ತೋರಿಸುತ್ತದೆ, ನಾನು ಲ್ಯಾಬಿನಲ್ಲಿ ತಾಳೆ ನೋಡಿದ್ದೇನೆ ಎಂದು ನಾನು ದೊಡ್ಡಸ್ತಿಕೆಯಿಂದ ಹೇಳಿದೆ.

ಅವ್ವ ಬಾತುಕೋಳಿಯನ್ನು ನೋಡಲೇ ಇಲ್ಲ. ನನ್ನ ಮಣಿಕಟ್ಟು ಹಿಡಿದು, ನನ್ನ ಕೈಯನ್ನು ಬಕೆಟ್ಟಿನಲ್ಲಿ ಮುಳುಗಿಸಿ, ಹಾಗೇ ಹಿಡಿದುಕೊಂಡು ನನ್ನ ಮುಖ ನೋಡಿದಳು.

"ಹೆಂಗೈತಿ?"

"ಸರಿ ಐತವ್ವ."

"ಇನ್ನೊಂದು ತಂಬಿಗಿ ತಣ್ಣೀರು ಹಾಕು."

ಸರಿ ಇದೆ ಎಂದೆನಲ್ಲ, ಮತ್ತೆ ಯಾಕೆ ಎಂದು ಕೇಳಿದೆ. ಧ್ವನಿ ಸ್ವಲ್ಪ ಏರಿತ್ತು. ಅವ್ವ ಕೈ ಬಿಡಲಿಲ್ಲ.

"ನೀ ಸುಟ್ಟರೂ ಸರಿ ಐತಿ ಅನ್ನಾಕಿ," ಎಂದಳು. "ಈ ವಿದ್ಯಾ ಹುಟ್ಟೋ ದಿನ ಬ್ಯಾನಿ ಸುರು ಆಗಿ ಎಷ್ಟೊತ್ತಾಗಿತ್ತೋ ಏನೋ, ನೀ ನಿಂತು ರೊಟ್ಟಿ ಬಡಿಯಾಕತ್ತಿದ್ದಿ. ಏನಾಗೇತಿ ಅಂದ್ರ ಏನಿಲ್ಲ ಅಂದಿ. ನಿನ್ನ ಹುಬ್ಬು ನೋಡಿ ನಾ ಆಟೋ ಕರಸ್ದೆ. ಆ ಹುಬ್ಬು ಈಗೂ ಹಂಗ ಐತಿ."

ಆಗ ಲೆಕ್ಕ ತಲೆಯೊಳಗೆ ಮಗುಚಿಕೊಂಡಿತು. ಬಾತುಕೋಳಿ ಕಡಿಮೆ ತೋರಿಸುತ್ತದೆ. ಅದು ನಲವತ್ತು ಎಂದರೆ ನಿಜವಾಗಿ ನಲವತ್ತೆರಡು. ಅದು ಮೂವತ್ತಾರು ಎಂದಾಗ ನಾನು ನಿಲ್ಲಿಸಬೇಕಿತ್ತು. ಕಳೆಯುವ ಕಡೆ ಕೂಡಿಸಿದ್ದೆ. ನಾನು ಹೊಸಬರನ್ನು ನಿಲ್ಲಿಸಿ ಬೈಯುವ ತಪ್ಪು ಇದೇ. ನೀರು ಬಿಸಿ ಎಂದು ಕೈ ಹೇಳಿರಬೇಕು, ಅಂಕಿ ಸರಿ ಇದೆಯೆಂದು ನಾನು ಅದರ ಮಾತಿಗೆ ಕಿವಿಗೊಡಲಿಲ್ಲ. ಈಗ ನೋಡಿದರೆ ಕೈ ಮಣಿಕಟ್ಟಿನವರೆಗೆ ಕೆಂಪಾಗಿತ್ತು. ಕೂಸು ಬಾಗಿಲಲ್ಲಿ ಆಕಳಿಸುತ್ತಿತ್ತು.

ಮೂವತ್ತು ವರ್ಷದಿಂದ ನಾನು ಸಿಕ್ಕಸಿಕ್ಕ ಜಾಡಿಗಳ ಗೋಡೆ ಅಳೆದಿದ್ದೇನೆ, ಇದು ಎಷ್ಟು ಬಿಟ್ಟುಕೊಡುತ್ತದೆ, ಎಷ್ಟು ಒಳಗೇ ಇಟ್ಟುಕೊಳ್ಳುತ್ತದೆ ಎಂದು. ನನ್ನದನ್ನು ಒಬ್ಬಳು ಅಳೆದಿಟ್ಟಿದ್ದಾಳೆ ಎಂದು ನನಗೆ ಗೊತ್ತಿರಲಿಲ್ಲ. ಬೆರಳು ಸತ್ತ ಮೇಲೂ ಆ ಅಳತೆ ಅವಳಲ್ಲಿ ಉಳಿದಿತ್ತು.

ಕಣ್ಣು ತುಂಬಿ ಬಂತು, ತಡೆದುಕೊಳ್ಳಲಿಲ್ಲ. ಅವ್ವ ನನ್ನ ಕೈಯನ್ನು ಇನ್ನೂ ನೀರಿನಲ್ಲೇ ಹಿಡಿದಿದ್ದಳು.

"ಈಗ ಹೇಳು. ಹೆಂಗೈತಿ?"

"ಬಿಸಿ ಐತವ್ವ," ಎಂದೆ. "ಸುಡಾಕತ್ತೈತಿ."

ಅವ್ವ ಕೈ ಬಿಟ್ಟಳು. ನಾನು ತಂಬಿಗೆಯಲ್ಲಿ ತಣ್ಣೀರು ತುಂಬಿ ಸುರಿದೆ, ಮತ್ತೆ ಕೈಯಿಟ್ಟೆ, ಮತ್ತೆ ಸುರಿದೆ. ಪ್ರತಿ ಸಲವೂ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಕೊನೆಗೊಮ್ಮೆ ಹೂಂ ಎಂದು ಎರಡೂ ಕಾಲು ಮುಂದಕ್ಕೆ ಚಾಚಿ, ಬಾಗಿಲ ಕಡೆ ತಿರುಗಿ ಕೈ ನೀಡಿದಳು. ವಿದ್ಯಾ ನನ್ನ ಕಡೆ ನೋಡಲಿಲ್ಲ, ಬಕೆಟ್ಟಿನ ಕಡೆಯೂ ನೋಡಲಿಲ್ಲ. ಒಳಗೆ ಬಂದು, ಬಗ್ಗಿ, ಕೂಸನ್ನು ತನ್ನ ಆಯಿಯ ಕಾಲ ಮೇಲೆ ಮಲಗಿಸಿದಳು.